ರಕ್ತದೊಳಗಿನ ಕಾವಲುಗಾರರು

ಮಕ್ಕಳೇ, ಆಡುವಾಗ ಬಿದ್ದು ಮೊಣಕಾಲಿಗೆ ಗಾಯವಾದರೆ ಕೆಲವು ದಿನಗಳಲ್ಲಿ ಅದು ಮಾಯುತ್ತದೆ. ಗಾಯದ ಮೂಲಕ ಒಳಗೆ ನುಗ್ಗಿದ ರೋಗಾಣುಗಳು ಏನಾದವು? ಅವುಗಳನ್ನು ನಮ್ಮ ರಕ್ತದಲ್ಲಿರುವ ಬಿಳಿ ರಕ್ತಕಣಗಳು ಕೊಂದುಹಾಕುತ್ತವೆ. ಆದುದರಿಂದ ಅವುಗಳನ್ನು ದೇಹದ ಕಾವಲುಗಾರರು ಎನ್ನುತ್ತೇವೆ.

ರಕ್ತದಲ್ಲಿ ಇನ್ನೂ ಎರಡು ಬಗೆಯ ಕಣಗಳಿವೆ. ಕೆಂಪು ರಕ್ತಕಣಗಳು ಆಮ್ಲಜನಕವನ್ನು ಸಾಗಿಸುತ್ತವೆ. ಕಿರುತಟ್ಟೆಗಳು ಗಾಯದಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುತ್ತವೆ. ಈ ಕಣಗಳೆಲ್ಲ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ, ಅಂದರೆ ಒಂದು ಸಣ್ಣ ಸಾಸಿವೆ ಕಾಳಿನಷ್ಟು ರಕ್ತದಲ್ಲಿ, ಸುಮಾರು 4,000 ದಿಂದ 11,000 ಬಿಳಿ ರಕ್ತಕಣಗಳಿರುತ್ತವೆ.

ಲ್ಯುಕೇಮಿಯ ಎಂಬುದು ಒಂದು ಬಗೆಯ ರಕ್ತದ ಕ್ಯಾನ್ಸರ್. ಈ ರೋಗ ಬಂದ ಹಲವರಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಬಹಳ ಹೆಚ್ಚುತ್ತದೆ. ಕೆಲವೊಮ್ಮೆ ಲಕ್ಷವನ್ನೂ ದಾಟುತ್ತದೆ. ಕಾವಲುಗಾರರು ಹೆಚ್ಚಿದರೆ ಒಳ್ಳೆಯದಲ್ಲವೇ? ಅಲ್ಲ. ಏಕೆ ಎಂಬುದನ್ನು ನೋಡೋಣ.

ಧಾರಾಪುರಂ ಸುತ್ತಮುತ್ತ ಅಮರಾವತಿ ನದಿಯ ನೀರು ಹಾಯುವ ಭತ್ತದ ಗದ್ದೆಗಳನ್ನು ನೀವು ನೋಡಿರಬಹುದು. ಅಲ್ಲಿ ಪೈರಿನಂತೆಯೇ ಕಾಣುವ ಕಳೆಯೂ ಬೆಳೆಯುತ್ತದೆ. ಅದು ನೀರನ್ನೂ ಗೊಬ್ಬರವನ್ನೂ ಹೀರುತ್ತದೆ. ಭತ್ತವನ್ನು ಮಾತ್ರ ಕೊಡುವುದಿಲ್ಲ. ಲ್ಯುಕೇಮಿಯದ ಕಣಗಳೂ ಹಾಗೆಯೇ. ಅವು ಬಲಿಯದ ಕಣಗಳು. ರೋಗಾಣುಗಳೊಡನೆ ಹೋರಾಡಲಾರವು. ಮಜ್ಜೆಯನ್ನೆಲ್ಲ ತುಂಬಿಕೊಂಡು ಒಳ್ಳೆಯ ಕಣಗಳಿಗೆ ಜಾಗವಿಲ್ಲದಂತೆ ಮಾಡುತ್ತವೆ. ಆದುದರಿಂದ ರೋಗಿಗೆ ಪದೇ ಪದೇ ಜ್ವರ ಬರುತ್ತದೆ, ಆಯಾಸವಾಗುತ್ತದೆ, ವಸಡಿನಲ್ಲಿ ರಕ್ತ ಒಸರಬಹುದು.

ಈ ರೋಗಕ್ಕೆ ಚಿಕಿತ್ಸೆ ಇದೆ. ತಂಗಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954 ರಲ್ಲಿ ಚೆನ್ನೈನ ಅಡಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ಆರಂಭವಾಯಿತು. ಇಂದು ಚಿಕಿತ್ಸೆ ಪಡೆದ ಅನೇಕ ಮಕ್ಕಳು ಪೂರ್ಣ ಗುಣ ಹೊಂದುತ್ತಾರೆ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ವಿಜ್ಞಾನಿಗಳು ಹೊಸ ವಿಧಾನವೊಂದನ್ನು ರೂಪಿಸಿದರು. ಇದರಲ್ಲಿ ರೋಗಿಯ ರಕ್ತದಿಂದಲೇ ಕೆಲವು ಬಿಳಿ ಕಣಗಳನ್ನು ತೆಗೆದು, ಕ್ಯಾನ್ಸರ್ ಕಣವನ್ನು ಗುರುತಿಸುವಂತೆ ಮಾರ್ಪಡಿಸಿ, ಮರಳಿ ದೇಹಕ್ಕೆ ಸೇರಿಸುತ್ತಾರೆ. ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಇದನ್ನು ಬಳಸಲು 2023 ರಲ್ಲಿ ಒಪ್ಪಿಗೆ ದೊರೆಯಿತು.

ಕ್ಯಾನ್ಸರ್ ಔಷಧಗಳಿಂದ ತಲೆಗೂದಲು ಉದುರಬಹುದು. ಅದು ಮತ್ತೆ ಬೆಳೆಯುತ್ತದೆ. ಒಳ್ಳೆಯ ಬಿಳಿ ಕಣಗಳೂ ಕೆಲಕಾಲ ಕಡಿಮೆಯಾಗುತ್ತವೆ. ಅದಕ್ಕಾಗಿಯೇ ಆ ಮಕ್ಕಳು ಮೂಗು ಬಾಯಿ ಮುಚ್ಚುವ ಮುಸುಕು ಧರಿಸುತ್ತಾರೆ. ನೆನಪಿಡಿ, ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನಮ್ಮ ನೆಗಡಿ ಕೆಮ್ಮು ಮಾತ್ರ ಅವರಿಗೆ ಅಂಟಬಹುದು.

ಅಂತಹ ಗೆಳೆಯನೋ ಗೆಳತಿಯೋ ನಿಮ್ಮ ತರಗತಿಗೆ ಮರಳಿ ಬಂದರೆ ದೂರ ಸರಿಯಬೇಡಿ. ಕೈಗಳನ್ನು ಸೋಪಿನಿಂದ ತೊಳೆದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ತಪ್ಪಿಹೋದ ಪಾಠಗಳನ್ನು ಬರೆದುಕೊಳ್ಳಲು ನಿಮ್ಮ ಪುಸ್ತಕವನ್ನು ಕೊಡಿ.