ರ‍್ಯಾಮ್ ಕೊಳ್ಳೋ ಮೊದಲು ಮದರ್‌ಬೋರ್ಡ್ ನೋಡಿ

ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಕೂತು ಆನ್‌ಲೈನ್‌ನಲ್ಲಿ ರ‍್ಯಾಮ್ ತರಿಸ್ತೀರಾ? ಕೊಪ್ಪಳ, ಗಂಗಾವತಿಯ ಅಂಗಡಿಗೇ ಹೋಗ್ತೀರಾ? ಎಲ್ಲೇ ಕೊಂಡರೂ ಮೊದಲ ಪ್ರಶ್ನೆ ಒಂದೇ: ನಿಮ್ಮ ಮದರ್‌ಬೋರ್ಡ್ ಯಾವುದು?

ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್. ಆದರೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಎಎಂಡಿಯ ಎಎಂ4 ಬೋರ್ಡ್‌ಗೆ ಡಿಡಿಆರ್4, ಎಎಂ5ಗೆ ಡಿಡಿಆರ್5. ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಎರಡರ ಜೊತೆಗೂ ಹೊಂದುತ್ತವೆ, ಬೋರ್ಡ್ ಮಾತ್ರ ಸಾಮಾನ್ಯವಾಗಿ ಒಂದನ್ನೇ ಒಪ್ಪುತ್ತೆ. ಬೋರ್ಡ್‌ನ ಪೂರ್ತಿ ಮಾಡೆಲ್ ಹೆಸರು ಫೋನ್‌ನಲ್ಲಿ ಹುಡುಕಿ, ಆಮೇಲೆ ಆರ್ಡರ್ ಮಾಡಿ. ಲ್ಯಾಪ್‌ಟಾಪ್‌ನ ಗಿಡ್ಡ ರ‍್ಯಾಮ್ ಡೆಸ್ಕ್‌ಟಾಪ್‌ಗೆ ಬರಲ್ಲ, ಅದೂ ನೆನಪಿರಲಿ.

ಎಷ್ಟು ಬೇಕು? ಟ್ಯಾಲಿ, ನುಡಿ, ಬ್ರೌಸರ್ ಅಷ್ಟೇ ಆದರೆ 8 ಜಿಬಿಯಲ್ಲಿ ಕೆಲಸ ನಡೆಯುತ್ತೆ. ಕೋಡಿಂಗ್, ಗೇಮ್‌ಗೆ 16, ವಿಡಿಯೊ ಎಡಿಟಿಂಗ್‌ಗೆ 32 ಇದ್ದರೆ ಒಳ್ಳೇದು. 16 ಕೊಳ್ಳೋದಾದ್ರೆ ಒಂದೇ ಕಡ್ಡಿಗಿಂತ 8ರ ಜೋಡಿ ವಾಸಿ. ಡೇಟಾ ಎರಡು ದಾರಿಯಲ್ಲಿ ಓಡುತ್ತೆ. ಎರಡನ್ನೂ ಯಾವ ಸ್ಲಾಟ್‌ಗೆ ಹಾಕಬೇಕು ಅನ್ನೋದು ಬೋರ್ಡ್‌ನ ಪುಸ್ತಿಕೆಯಲ್ಲಿರುತ್ತೆ.

ಜೋಡಿಸಿದ ಮೇಲೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಇಲ್ಲಾಂದ್ರೆ 6000 ಅಂತ ದುಡ್ಡು ಕೊಟ್ಟು ತಂದಿದ್ದು 4800ರಲ್ಲೇ ಓಡಬಹುದು.

2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿತು. ಹಾಗಾಗಿ ಮನೆಯಲ್ಲಿರೋ ಡಿಡಿಆರ್4 ಬೋರ್ಡ್ ಗಟ್ಟಿಯಾಗಿದ್ರೆ, ಹೊಸದರ ಆಸೆಗೆ ಬೀಳದೆ ಅದಕ್ಕೇ ಇನ್ನಷ್ಟು ರ‍್ಯಾಮ್ ಸೇರಿಸೋದು ಜಾಣತನ.