ನೀರುಗಂಟಿ ಹೋದ ಮೇಲೆ ನೆರೆಹೊರೆ

ಬೆಂಗಳೂರಿನ ಜೆ.ಪಿ. ನಗರ 7ನೇ ಹಂತದಲ್ಲಿ, ಎತ್ತರದ ಅಪಾರ್ಟ್‌ಮೆಂಟ್‌ಗಳ ಮಗ್ಗುಲಲ್ಲಿ, ಸುಮಾರು 13 ಎಕರೆಯ ಕೆರೆಯೊಂದಿದೆ. ಹೆಸರು ಪುಟ್ಟೇನಹಳ್ಳಿ ಕೆರೆ. ಯಲಹಂಕದ ಹತ್ತಿರ ಇದೇ ಹೆಸರಿನ ಇನ್ನೊಂದು ಕೆರೆಯಿದೆ. ಅದು ಸರ್ಕಾರವೇ ಘೋಷಿಸಿದ ಪಕ್ಷಿ ಸಂರಕ್ಷಣಾ ಮೀಸಲು. ದಕ್ಷಿಣದ ಈ ಪುಟ್ಟ ಕೆರೆಗೆ ಅಂಥ ಬಿರುದೇನೂ ಇಲ್ಲ. ಆದರೂ ಹೆಜ್ಜಾರ್ಲೆ, ನಾಮದ ಕೋಳಿ, ನೀರುಕಾಗೆ, ನೇರಳೆ ಜಂಬುಕೋಳಿ ಸೇರಿ ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಇಲ್ಲಿ ದಾಖಲಾಗಿವೆ. ಹಿಂದೊಮ್ಮೆ ಬತ್ತಿ, ಕಸ ಸುರಿಯುವ ಜಾಗವಾಗಿದ್ದ ಕೆರೆ ಇಷ್ಟರಮಟ್ಟಿಗೆ ಉಳಿದಿದ್ದರೆ ಅದರ ಹಿಂದೆ ಸುತ್ತಲಿನ ನಿವಾಸಿಗಳ ಒಂದು ಟ್ರಸ್ಟ್ ಇದೆ.

ಪುಟ್ಟೇನಹಳ್ಳಿ ನೇಬರ್‌ಹುಡ್ ಲೇಕ್ ಇಂಪ್ರೂವ್‌ಮೆಂಟ್ ಟ್ರಸ್ಟ್ ನೋಂದಣಿಯಾದದ್ದು 2010ರಲ್ಲಿ. ಕಾದಂಬರಿಗಾರ್ತಿ, ಸುಬ್ರಹ್ಮಣ್ಯ ಭಾರತಿಯವರ ಕವಿತೆಗಳನ್ನು ಇಂಗ್ಲಿಷಿಗೆ ತಂದ ಉಷಾ ರಾಜಗೋಪಾಲನ್ ಮತ್ತು ಅವರ ನೆರೆಯವರು ಕೂಡಿ ಕಟ್ಟಿದ ಸಂಸ್ಥೆ ಇದು. ಮರುವರ್ಷ, 2011ರಲ್ಲಿ, ಕೆರೆಯ ನಿರ್ವಹಣೆಗಾಗಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಂದಿಗೆ (ಬಿಬಿಎಂಪಿ) ಒಪ್ಪಂದಕ್ಕೆ ಸಹಿ ಹಾಕಿತು. ಪಾಲಿಕೆಯೊಂದಿಗೆ ಇಂಥ ಒಪ್ಪಂದ ಮಾಡಿಕೊಂಡ ಮೊದಲ ನಾಗರಿಕ ಗುಂಪು ಎಂಬ ಹೆಸರು ಅದಕ್ಕಿದೆ. ಆ ಒಪ್ಪಂದದ ಪ್ರಕಾರ ಕೆರೆ ಪಾಲಿಕೆಯದೇ, ದೊಡ್ಡ ಕಾಮಗಾರಿಯೂ ಪಾಲಿಕೆಯದೇ. ದಿನನಿತ್ಯ ನೋಡಿಕೊಳ್ಳುವ ಹೊಣೆ ಮಾತ್ರ ಟ್ರಸ್ಟ್‌ನದು.

ಕೆರೆ ಅನಾಥವಾದ ಬಗೆ

ಬೆಂಗಳೂರಿನ ಕೆರೆಗಳು ತಾವಾಗಿ ಹುಟ್ಟಿದವಲ್ಲ. ಇಲ್ಲಿ ದೊಡ್ಡ ನದಿಯಿಲ್ಲ. ಏರುತಗ್ಗಿನ ನೆಲದಲ್ಲಿ ಮಳೆನೀರಿಗೆ ಅಡ್ಡಲಾಗಿ ಏರಿ ಹಾಕಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ರಾಜಕಾಲುವೆ ತೋಡಿ ಜನ ಕಟ್ಟಿಕೊಂಡವು ಇವು. ಕಟ್ಟಿದ್ದನ್ನು ಕಾಯುವ ಏರ್ಪಾಡೂ ಜೊತೆಗೇ ಇತ್ತು. ಕೆರೆ ಕಟ್ಟಿಸಿದವರಿಗೆ, ದುರಸ್ತಿ ನೋಡಿಕೊಳ್ಳುವವರಿಗೆ ಅದರ ಕೆಳಗಿನ ಗದ್ದೆಯಲ್ಲಿ ಪಾಲು ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆಗಳ ಶಾಸನಗಳು ಕರ್ನಾಟಕದ ಉದ್ದಗಲಕ್ಕೂ ಸಿಕ್ಕಿವೆ. ತೂಬು ತೆರೆದು ಮುಚ್ಚಲು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಬೇಸಿಗೆಯಲ್ಲಿ ಊರವರು ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆ ಚೊಕ್ಕಟವಾಗುತ್ತಿತ್ತು, ಹೊಲಕ್ಕೆ ಗೊಬ್ಬರವಾಗುತ್ತಿತ್ತು.

ನಗರ ಬೆಳೆದಂತೆ ಅಚ್ಚುಕಟ್ಟಿನ ಗದ್ದೆಗಳು ಬಡಾವಣೆಗಳಾದವು. ಕುಡಿಯುವ ನೀರು ಕಾವೇರಿಯಿಂದ ಪೈಪಿನಲ್ಲಿ ಬರತೊಡಗಿತು. ಗದ್ದೆ ಹೋದ ಮೇಲೆ ನೀರುಗಂಟಿಗೆ ಕೆಲಸವಿಲ್ಲ. ಕೆರೆಯ ನೀರಿನ ಮೇಲೆ ಹೊಟ್ಟೆಪಾಡು ನಡೆಯದವರಿಗೆ ಅದರ ಹೂಳಿನ ಚಿಂತೆಯೂ ಇಲ್ಲ. ಕಾಗದದ ಮೇಲೆ ಮಾತ್ರ ಒಡೆಯರು ಹೆಚ್ಚಾದರು: ಪಾಲಿಕೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಅರಣ್ಯ ಇಲಾಖೆ, ಸಣ್ಣ ನೀರಾವರಿ, ಕಂದಾಯ. ಒತ್ತುವರಿಯಾದರೆ ಒಂದು ಕಚೇರಿ, ಒಳಚರಂಡಿ ನೀರು ನುಗ್ಗಿದರೆ ಜಲಮಂಡಳಿ, ವಿಷ ಬೆರೆತರೆ ಮಾಲಿನ್ಯ ನಿಯಂತ್ರಣ ಮಂಡಳಿ. ಮೀನು ಸತ್ತು ತೇಲಿದ ದಿನ ಮೊದಲು ಯಾರಿಗೆ ಫೋನ್ ಮಾಡಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಈ ತೆರವಾದ ಜಾಗಕ್ಕೆ ಬಂದು ಕೂತದ್ದು ಬಡಾವಣೆಯ ಸಂಘ. ಬೀದಿದೀಪ, ಕಸ, ಉದ್ಯಾನ, ಗಣೇಶೋತ್ಸವಕ್ಕೆಂದು ಹುಟ್ಟಿದ ಕ್ಷೇಮಾಭಿವೃದ್ಧಿ ಸಂಘಗಳು ಪ್ರತಿ ಬಡಾವಣೆಯಲ್ಲೂ ಇವೆ. ಅವುಗಳಲ್ಲಿ ಕೆಲವು ಕೆರೆಯ ಏರಿಗೆ ಇಳಿದವು.

ನೀರು ಎಲ್ಲಿಂದ ತರುವುದು?

ಪುಟ್ಟೇನಹಳ್ಳಿಯಲ್ಲಿ ಪಾಲಿಕೆ ಹೂಳೆತ್ತಿಸಿ, ಏರಿ ಸರಿಪಡಿಸಿ, ಬೇಲಿ ಹಾಕಿಸಿತು. ಹೆಚ್ಚಿನ ಪುನರುಜ್ಜೀವನ ಯೋಜನೆಗಳ ಕಥೆ ಇಲ್ಲಿಗೇ ಮುಗಿಯುತ್ತದೆ. ನಿಜವಾದ ತೊಡಕು ಕಾಣಿಸುವುದು ಆಮೇಲೆ. ಕೆರೆಗೆ ನೀರು ತರುತ್ತಿದ್ದ ದಾರಿಗಳ ಮೇಲೆ ಕಟ್ಟಡಗಳು ಎದ್ದಿದ್ದವು. ನೇರ ಬಿದ್ದ ಮಳೆಯಷ್ಟೇ ಕೆರೆಯ ಪಾಲು. ಬೇಸಿಗೆ ಬಂದರೆ ಮತ್ತೆ ಒಣಗುವುದು ಖಚಿತ.

ಹೀಗಾಗಿ ಟ್ರಸ್ಟ್ ಮಳೆನೀರಿನ ಚರಂಡಿಗಳನ್ನು ಕೆರೆಯ ಕಡೆಗೆ ತಿರುಗಿಸಲು ಪಾಲಿಕೆಯ ಹಿಂದೆ ಬಿತ್ತು. ಪಕ್ಕದ ದೊಡ್ಡ ವಸತಿ ಸಂಕೀರ್ಣದಲ್ಲಿ ಬಚ್ಚಲು, ಶೌಚಾಲಯಗಳ ನೀರನ್ನು ಶುದ್ಧೀಕರಿಸಿ, ಬಳಸಿ ಮಿಕ್ಕಿದ್ದನ್ನು ಹೊರಗೆ ಬಿಡುತ್ತಿದ್ದರು. ಆ ನೀರನ್ನೇ ಕೆರೆಗೆ ತರಲಾಯಿತು. ಬಡಾವಣೆ ಬಂದು ಕೆರೆಯ ನೀರು ಹೋಗಿತ್ತು. ಬಡಾವಣೆಯ ನೀರೇ ಕೆರೆ ತುಂಬತೊಡಗಿತು.

ಇದರಲ್ಲೂ ಒಂದು ಅಪಾಯವಿದೆ. ಶುದ್ಧೀಕರಿಸಿದ ನೀರು ನೋಡಲು ತಿಳಿಯಾಗಿದ್ದರೂ ಅದರಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ. ಅವು ಪಾಚಿಗೆ ಗೊಬ್ಬರ. ಪಾಚಿ ಹಗಲು ಆಮ್ಲಜನಕ ಕೊಟ್ಟು, ರಾತ್ರಿ ತಾನೇ ಅದನ್ನು ಹೀರುತ್ತದೆ. ಮೋಡ ಮುಚ್ಚಿದ ದಿನಗಳಲ್ಲಿ ನಸುಕಿನ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಇಳಿದು ಮೀನುಗಳು ಸಾಯುವುದು ಹೀಗೆ. ಆದ್ದರಿಂದ ನೀರು ಒಳಬರುವಲ್ಲಿ ಜೊಂಡಿನಂಥ ಗಿಡಗಳ ಜೌಗು ಇರಬೇಕು. ಬೇರುಗಳು ಆ ಸತ್ವವನ್ನು ಹೀರಿಕೊಳ್ಳುತ್ತವೆ. ಪುಟ್ಟೇನಹಳ್ಳಿಯಲ್ಲಿ ಇದೇ ಉದ್ದೇಶಕ್ಕೆ ಗಿಡ ನೆಟ್ಟ ತೇಲುವ ನಡುಗಡ್ಡೆಗಳನ್ನೂ ಬಿಟ್ಟಿದ್ದಾರೆ. ಜೊಂಡನ್ನು ಹಾಗೇ ಬಿಟ್ಟರೆ ಕೆರೆಯನ್ನೇ ನುಂಗುತ್ತದೆ, ಪೂರ್ತಿ ಕಿತ್ತರೆ ಹಕ್ಕಿಗೆ ಗೂಡಿಲ್ಲ. ಎಷ್ಟು ಕೀಳಬೇಕು, ಯಾವಾಗ ಕೀಳಬೇಕು ಎಂಬ ಲೆಕ್ಕ ವರ್ಷವಿಡೀ ನಡೆಯುತ್ತಲೇ ಇರಬೇಕು.

ಕೆರೆ ಸಂಘಗಳ ಪಡಿಪಾಟಲು ಇರುವುದೇ ಇಲ್ಲಿ. ಗುದ್ದಲಿ ಪೂಜೆಗೆ ಸರ್ಕಾರದಲ್ಲಿ ಹಣ ಸಿಗುತ್ತದೆ, ಕಳೆ ಕೀಳಲು ಸಿಗುವುದಿಲ್ಲ. ತೋಟಗಾರರ ಕೂಲಿ, ಕಾವಲುಗಾರರ ಸಂಬಳ, ದೋಣಿಯ ದುರಸ್ತಿ, ಬತ್ತಿದ ಗಿಡದ ಜಾಗಕ್ಕೆ ಹೊಸದು: ಎಲ್ಲವೂ ಸಣ್ಣ ಖರ್ಚುಗಳು, ಆದರೆ ತಿಂಗಳು ತಪ್ಪುವಂತಿಲ್ಲ. ಇದನ್ನು ನಿವಾಸಿಗಳ ವಂತಿಗೆ, ಕಂಪನಿಗಳ ದೇಣಿಗೆಗಳಿಂದ ತುಂಬಿಸಬೇಕು. ಭಾನುವಾರದ ಶ್ರಮದಾನದಿಂದ ಉತ್ಸಾಹ ಬರುತ್ತದೆ. ಕೆರೆ ಉಳಿಯುವುದು ಸೋಮವಾರದಿಂದ ಶನಿವಾರದವರೆಗೆ ಕೂಲಿ ಪಡೆದು ದುಡಿಯುವವರಿಂದ.

ಸರ್ಜಾಪುರ ರಸ್ತೆ, ಜಕ್ಕೂರು

ಪುಟ್ಟೇನಹಳ್ಳಿ ಒಂಟಿಯಲ್ಲ. ಸರ್ಜಾಪುರ ರಸ್ತೆಯಲ್ಲಿ 48 ಎಕರೆಯ ಕೈಕೊಂಡ್ರಹಳ್ಳಿ ಕೆರೆಯ ಪುನರುಜ್ಜೀವನದಲ್ಲಿ ಪಾಲಿಕೆಯ ಜೊತೆ ನಿಂತ ನಿವಾಸಿಗಳು ಮುಂದೆ ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಕಟ್ಟಿದರು. ‘ಮ್ಯಾಪ್ಸಾಸ್’ ಎಂಬುದು ಅದರ ಚಿಕ್ಕ ಹೆಸರು. ಅಲ್ಲಿ ಯೋಜನೆಯ ನಕ್ಷೆ ಸಿದ್ಧವಾಗುವಾಗಲೇ ನಿವಾಸಿಗಳೂ ಪರಿಸರ ತಜ್ಞರೂ ಎಂಜಿನಿಯರುಗಳ ಜೊತೆ ಕೂತಿದ್ದರು. ಕೆಲಸ ಮುಗಿದ ಮೇಲೆ ತಗಾದೆ ತೆಗೆಯುವುದಕ್ಕಿಂತ ಇದು ಎಷ್ಟೋ ಮೇಲು.

ಜಕ್ಕೂರಿನದು ಇನ್ನೊಂದು ಬಗೆ. ಸುಮಾರು 160 ಎಕರೆಯ ಆ ಕೆರೆಯ ಮೇಲ್ಗಡೆ ಜಲಮಂಡಳಿಯ ಶುದ್ಧೀಕರಣ ಘಟಕವಿದೆ. ಅಲ್ಲಿಂದ ಬಿಟ್ಟ ನೀರು ಜೌಗುಭೂಮಿ ದಾಟಿ ಕೆರೆ ಸೇರುತ್ತದೆ. ಅಲ್ಲಿಯ ‘ಜಲಪೋಷಣ್’ ಟ್ರಸ್ಟ್ ಕೆರೆಯನ್ನು ನೆಚ್ಚಿ ಬದುಕುವ ಮೀನುಗಾರರು, ಮೇವು ಕೊಯ್ಯುವವರನ್ನೂ ಜೊತೆಗೆ ತೆಗೆದುಕೊಂಡು ಹೋಗಲು ಯತ್ನಿಸಿದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಬೇಲಿ, ಗೇಟು, ನಡಿಗೆಯ ಹಾದಿ ಬಂದೊಡನೆ ಕೆರೆ ಯಾರದು ಎಂಬ ಪ್ರಶ್ನೆಯೂ ಬರುತ್ತದೆ. ಬೆಳಗಿನ ಓಟಕ್ಕೆ ಬರುವವರಿಗೆ ತೆರೆದ ಗೇಟು ಎಮ್ಮೆ ಮೈ ತೊಳೆಯಲು ಬಂದವರಿಗೆ ಮುಚ್ಚಿರುತ್ತದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ 2016ರಲ್ಲಿ ಪ್ರಕಟವಾದ ‘ನೇಚರ್ ಇನ್ ದಿ ಸಿಟಿ’ ಪುಸ್ತಕದಲ್ಲಿ ಬೆಂಗಳೂರಿನ ಕೆರೆಗಳು ಊರೊಟ್ಟಿನ ಆಸ್ತಿಯಾಗಿದ್ದು ವಿಹಾರದ ತಾಣಗಳಾದ ಬಗೆಯನ್ನು ಚರ್ಚಿಸಿದ್ದಾರೆ. ಅಪಾರ್ಟ್‌ಮೆಂಟಿನವರಷ್ಟೇ ಸದಸ್ಯರಾಗಿರುವ ಸಂಘ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದಕ್ಕೆ ಕಾಣುವುದು ಕೆರೆಯ ಒಂದು ದಂಡೆ ಮಾತ್ರ. ಹಳೆಯ ಹಳ್ಳಿಯ ಕೇರಿಗಳಿಂದಲೂ ಸದಸ್ಯರು ಬಂದಾಗಲೇ ಅದು ನೆರೆಹೊರೆಯ ಸಂಘ ಎನಿಸಿಕೊಳ್ಳುತ್ತದೆ.

ಕಾನೂನಿನ ಇಕ್ಕಟ್ಟು

ಕೆರೆಯನ್ನು ಹೊರಗಿನವರ ಕೈಗೆ ಕೊಡುವುದರಲ್ಲಿ ಬೆಂಗಳೂರಿಗೆ ಕಹಿ ಅನುಭವವಿದೆ. 2004ರ ನಂತರ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆಗೆ ಕೊಟ್ಟಾಗ, ಸಾರ್ವಜನಿಕ ಕೆರೆಗೆ ಪ್ರವೇಶ ಶುಲ್ಕವೇ ಎಂದು ಜನ ಪ್ರತಿಭಟಿಸಿದರು, ವ್ಯಾಜ್ಯ ಹೈಕೋರ್ಟಿಗೆ ಹೋಯಿತು. ಕಂಪನಿಗಳಿಗೆ ಕೆರೆಗಳ ಹೊಣೆ ವಹಿಸುವ ಒಪ್ಪಂದಗಳಿಗೆ 2020ರಲ್ಲಿ ಹೈಕೋರ್ಟು ತಡೆ ಹಾಕಿದಾಗ ಅದರ ಬಿಸಿ ಬಿಡಿಗಾಸಿನ ಲಾಭವಿಲ್ಲದೆ ದುಡಿಯುತ್ತಿದ್ದ ನಾಗರಿಕ ಸಂಘಗಳಿಗೂ ತಟ್ಟಿತು. ಕೆಲಸ ನಿಲ್ಲಿಸುವಂತಿಲ್ಲ, ಮಾಡಲು ಅಧಿಕಾರಪತ್ರವಿಲ್ಲ ಎಂಬ ಸ್ಥಿತಿ.

ಸಂವಿಧಾನದ 74ನೇ ತಿದ್ದುಪಡಿ 1992ರಲ್ಲೇ ವಾರ್ಡ್ ಸಮಿತಿಗಳ ಮೂಲಕ ನಿವಾಸಿಗಳಿಗೆ ನಗರಾಡಳಿತದಲ್ಲಿ ಜಾಗ ಕೊಟ್ಟಿತ್ತು. ಆದರೆ ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಬಿಬಿಎಂಪಿಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆಗಳು ಬಂದವು. ಹೊಸ ಕಚೇರಿ, ಹೊಸ ಅಧಿಕಾರಿ. ಸಂಘದವರು ಹಳೆಯ ಕಡತ ಹಿಡಿದು ಮತ್ತೆ ಮೊದಲಿನಿಂದ ಪರಿಚಯ ಹೇಳಿಕೊಳ್ಳಬೇಕು.

ಹಾಗೆ ನೋಡಿದರೆ ಇಂಥ ಸಂಘದ ದೊಡ್ಡ ಆಸ್ತಿ ಕಡತವೇ. ಗ್ರಾಮನಕ್ಷೆಯಲ್ಲಿ ಕೆರೆಯ ಮೇರೆ, ಸರ್ವೆ ನಂಬರು, ಒಳಹರಿವಿನ ಕಾಲುವೆಗಳ ಗುರುತು, ತಿಂಗಳ ನೀರಿನ ಮಟ್ಟ, ಕಂಡ ಹಕ್ಕಿಗಳ ಪಟ್ಟಿ, ಕೊಟ್ಟ ಅರ್ಜಿಗಳ ಸ್ವೀಕೃತಿ ಪ್ರತಿಗಳು. ಎಂಜಿನಿಯರು ವರ್ಗವಾಗಿ ಹೋದ ಮೇಲೂ ಕೆರೆಯ ನೆನಪು ಉಳಿಯುವುದು ಇಲ್ಲಿ. ನಿಮ್ಮ ಊರಿನಲ್ಲೂ ಕೆರೆಗೊಂದು ಸಂಘ ಕಟ್ಟುವ ಮನಸ್ಸಿದ್ದರೆ ಪೊರಕೆ ಹಿಡಿಯುವ ಮುನ್ನ ಈ ಕಾಗದಗಳನ್ನು ಕೂಡಿಸಿ. ಮಳೆಗಾಲದಲ್ಲೊಮ್ಮೆ ಕಾಲುವೆಯ ಜಾಡು ಹಿಡಿದು ನಡೆಯಿರಿ. ನೀರು ಎಲ್ಲಿ ತಪ್ಪಿ ಹೋಗುತ್ತಿದೆ ಎಂಬುದು ಆ ದಿನವೇ ತಿಳಿಯುತ್ತದೆ. ಜಮಾ ಖರ್ಚನ್ನು ಎಲ್ಲರಿಗೂ ತೆರೆದಿಡಿ. ಕಟ್ಟಿದವರು ಮನೆ ಬದಲಿಸಿದರೂ, ವಯಸ್ಸಾಗಿ ಹಿಂದೆ ಸರಿದರೂ ಮುಂದಿನವರು ಪುಸ್ತಕ ತೆರೆದು ಕೆಲಸ ಮುಂದುವರಿಸುವಂತಿದ್ದರೆ ಆ ಸಂಘ ಗೆದ್ದಂತೆ. ಸರ್ಕಾರ ಮಾಡಬೇಕಾದದ್ದು ಎರಡೇ: ಕೆರೆಯ ನಿರ್ವಹಣೆಗೆಂದೇ ಬಜೆಟ್‌ನಲ್ಲಿ ಪ್ರತಿವರ್ಷ ಒಂದು ಬಾಬ್ತು ಇಡುವುದು, ಆ ಹಣ ಖರ್ಚಾಗುವಾಗ ಪ್ರಶ್ನೆ ಕೇಳುವ ಹಕ್ಕನ್ನು ಕೆರೆಯ ಸುತ್ತಲಿನವರಿಗೆ ಬರೆದುಕೊಡುವುದು.