ಕೋಲು ಒಂದು, ಬೆಲೆ ಲಕ್ಷಗಟ್ಟಲೆ: ಆ ದುಡ್ಡು ಯಾವುದಕ್ಕೆ?

ಎಂಜಿನಿಯರಿಂಗ್ ಓದುವಾಗ ಕಾಲೇಜಿನ ಹಿಂದೆ ಒಂದು ಪೂಲ್ ಪಾರ್ಲರ್ ಇತ್ತು. ಟೇಬಲ್ಲಿನ ಬಟ್ಟೆ ಎರಡು ಕಡೆ ಹರಿದಿತ್ತು. ಆಟಕ್ಕೆ ಮುಂಚೆ ಎಲ್ಲರೂ ಮಾಡ್ತಿದ್ದ ಮೊದಲ ಕೆಲಸ ಒಂದೇ: ಗೋಡೆಗೆ ಒರಗಿಸಿದ್ದ ಕ್ಯೂಗಳನ್ನು ಒಂದೊಂದಾಗಿ ಟೇಬಲ್ ಮೇಲೆ ಉರುಳಿಸಿ ನೋಡೋದು. ನೆಟ್ಟಗೆ ಉರುಳಿದರೆ ಕೋಲು ಸರಿಯಿದೆ, ಕುಪ್ಪಳಿಸಿದರೆ ಬಾಗಿದೆ ಅಂತ ಲೆಕ್ಕ. ಬಾಗಿಲ್ಲದ ಕೋಲು ಮೊದಲು ಕೈಗೆ ಸಿಕ್ಕವನಿಗೆ ಅರ್ಧ ಆಟ ಗೆದ್ದ ಹಾಗೆ. ಆ ಕೋಲಿಗೆ ಬೆಲೆ ಅಂತ ಒಂದಿರಬಹುದು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಅಮೆರಿಕದಲ್ಲಿ ಇಂಥದೇ ಕೋಲಿಗೆ ಹತ್ತಾರು ಸಾವಿರ ಡಾಲರ್ ಕೊಡುವವರಿದ್ದಾರೆ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಹತ್ತಿಪ್ಪತ್ತು ಲಕ್ಷ ರೂಪಾಯಿ ದಾಟಿಬಿಡುತ್ತೆ. ಕೊಂಡವರು ಅದರಲ್ಲಿ ಆಡುವುದೂ ಅಪರೂಪ. ಪೆಟ್ಟಿಗೆಯಲ್ಲಿಟ್ಟು, ಆಗಾಗ ತೆಗೆದು, ಒರೆಸಿ ಮತ್ತೆ ಇಡ್ತಾರೆ. ಶ್ರೀಮಂತರ ಶೋಕಿ ಅಂತ ನಕ್ಕು ಮುಂದೆ ಹೋಗಬಹುದು. ಆದರೆ ಆ ದುಡ್ಡು ನಿಜಕ್ಕೂ ಯಾವುದಕ್ಕೆ ಹೋಗುತ್ತಿದೆ ಅಂತ ಬಿಡಿಸಿ ನೋಡಿದರೆ ದುಡಿಮೆ, ಹೆಸರು, ಕಾಡು, ಕಾನೂನು ಎಲ್ಲವೂ ಆ ಒಂದು ಕೋಲಿನಲ್ಲಿ ಸಿಗುತ್ತವೆ.

ಕೋಲಿನ ಒಳಗೇನಿದೆ?

ಪೂಲ್ ಕ್ಯೂ ಸುಮಾರು 58 ಇಂಚು ಉದ್ದ ಇರುತ್ತೆ. ತೂಕ ಅರ್ಧ ಕೆಜಿಗಿಂತ ಸ್ವಲ್ಪ ಹೆಚ್ಚು. ಒಳ್ಳೆಯ ಕ್ಯೂ ಎರಡು ತುಂಡಾಗಿರುತ್ತದೆ: ಮುಂದಿನ ತೆಳ್ಳಗಿನ ಭಾಗ ಶಾಫ್ಟ್, ಹಿಡಿಯುವ ದಪ್ಪನೆಯ ಭಾಗ ಬಟ್. ನಡುವೆ ತಿರುಪಿನ ಜಾಯಿಂಟ್. ಶಾಫ್ಟ್‌ಗೆ ಮೇಪಲ್ ಮರ, ತುದಿಗೆ ಚರ್ಮದ ಟಿಪ್, ಟಿಪ್ ಕೆಳಗೆ ಬಿಳಿ ಉಂಗುರದಂಥ ಫೆರೂಲ್. ಹಿಡಿಕೆಗೆ ಐರಿಷ್ ಲಿನನ್ ದಾರ ಸುತ್ತುವುದು ಹಳೆಯ ರೂಢಿ.

ಸಂಗ್ರಹಕಾರರು ಮೊದಲು ನೋಡುವುದು ಹಿಡಿಕೆಯ ಮುಂದಿರುವ ಈಟಿಯ ಮೊನೆಯಂಥ ವಿನ್ಯಾಸವನ್ನು. ಇದಕ್ಕೆ ಪಾಯಿಂಟ್ ಅಂತಾರೆ. ಮೇಲಿಂದ ಬಣ್ಣ ಬಳಿದದ್ದಲ್ಲ ಅದು. ತಿಳಿ ಬಣ್ಣದ ಮೇಪಲ್ ಮರದಲ್ಲಿ ವಿ ಆಕಾರದ ಕಾಲುವೆ ಕೊರೆದು, ಅದರಲ್ಲಿ ಎಬೊನಿ ಅಥವಾ ಬೀಟೆಯ ಜಾತಿಯ ಕಪ್ಪು ಮರ ಕೂರಿಸಿ, ಅಂಚಿಗೆ ಬಣ್ಣಬಣ್ಣದ ತೆಳು ಪದರಗಳನ್ನು ಅಂಟಿಸಿ, ಆಮೇಲೆ ಲೇತ್ ಮೇಲೆ ಇಡೀ ತುಂಡನ್ನು ದುಂಡಗೆ ತಿರುಗಿಸುತ್ತಾರೆ. ಕೋಲು ತುದಿಯ ಕಡೆಗೆ ಸಣ್ಣದಾಗುತ್ತಾ ಹೋಗುವುದರಿಂದ ಒಳಗೆ ಕೂತ ಮರ ತಾನಾಗಿಯೇ ಮೊನೆಯಂತೆ ಕಾಣಿಸುತ್ತದೆ. ಕೊರೆತ ಕೂದಲೆಳೆಯಷ್ಟು ತಪ್ಪಿದರೂ ನಾಲ್ಕು ಮೊನೆಗಳು ಒಂದೇ ಎತ್ತರಕ್ಕೆ ಬರುವುದಿಲ್ಲ. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿಲ್ಲದ ಕಾಲದಲ್ಲಿ ಇದನ್ನು ಕೈಯಲ್ಲಿ, ಕಣ್ಣಳತೆಯಲ್ಲಿ ಸಾಧಿಸಬೇಕಿತ್ತು.

ಇನ್ನೊಂದು ಕಷ್ಟ ಮರದ್ದೇ. ಕೊಯ್ದ ಮೇಲೂ ಮರ ಸುಮ್ಮನಿರೋದಿಲ್ಲ, ತೇವ ಕುಡಿಯುತ್ತೆ, ಬಿಡುತ್ತೆ, ಬಾಗುತ್ತೆ. ಹಾಗಾಗಿ ಒಳ್ಳೆಯ ಕುಶಲಕರ್ಮಿ ಶಾಫ್ಟನ್ನು ಒಂದೇ ಸಲಕ್ಕೆ ತಿರುಗಿಸಿ ಮುಗಿಸಲ್ಲ. ಸ್ವಲ್ಪ ತೆಗೆದು, ತಿಂಗಳುಗಟ್ಟಲೆ ತೂಗುಹಾಕಿ, ಬಾಗಿತಾ ನೋಡಿ, ಮತ್ತೆ ಸ್ವಲ್ಪ ತೆಗೀತಾರೆ. ನಮ್ಮ ಪಾರ್ಲರಿನ ಕೋಲುಗಳು ಯಾಕೆ ಬಾಗಿದ್ದವು ಅನ್ನೋದಕ್ಕೆ ಉತ್ತರ ಇಲ್ಲೇ ಇರಬೇಕು. ಅವಕ್ಕೆ ಯಾರೂ ಇಷ್ಟು ಸಮಯ ಕೊಟ್ಟಿರಲಿಲ್ಲ.

ಆಟಿಕೆ ಮಾಡುತ್ತಿದ್ದ ಬಡಗಿ

ಈ ಲೋಕದ ಅತಿ ದೊಡ್ಡ ಹೆಸರು ಜಾರ್ಜ್ ಬಾಲಬುಷ್ಕಾ. 1912ರಲ್ಲಿ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ, 1924ರಲ್ಲಿ ಅಮೆರಿಕಕ್ಕೆ ವಲಸೆ ಬಂದವರು. ಮರಗೆಲಸ, ಮಕ್ಕಳ ಆಟಿಕೆ, ಪೀಠೋಪಕರಣ ಅಂತ ದುಡಿದವರು. ಗರಗಸದ ಅವಘಡದಲ್ಲಿ ಬೆರಳು ಹೋದಾಗ, ಪೂಲ್ ಆಡುವುದನ್ನು ಬಿಡಲಾಗದೆ ತಾವೇ ಒಂದು ಪ್ಲಾಸ್ಟಿಕ್ ಬೆರಳು ಮಾಡಿಕೊಂಡವರು. 1959ರಲ್ಲಿ ಪಾಲುದಾರರೊಬ್ಬರ ಜೊತೆ ಪೂಲ್ ರೂಮ್ ಕೊಂಡರು. ಅದೇ ವರ್ಷ ಗೆಳೆಯರಿಗೆ ಉಡುಗೊರೆ ಕೊಡಲು ಕೆಲವು ಕ್ಯೂ ಮಾಡಿದರು. ನನಗೊಂದು, ನನಗೊಂದು ಅಂತ ಜನ ಕೇಳತೊಡಗಿದಾಗ ಅದೇ ಕಸುಬಾಯಿತು. 1975ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಅವರು ಮಾಡಿದ್ದು ಸುಮಾರು 1,000ದಿಂದ 1,200 ಕ್ಯೂ.

1986ರಲ್ಲಿ ಮಾರ್ಟಿನ್ ಸ್ಕಾರ್ಸೆಸೆಯ 'ದಿ ಕಲರ್ ಆಫ್ ಮನಿ' ಸಿನಿಮಾ ಬಂತು. ಪಾಲ್ ನ್ಯೂಮನ್, ಟಾಮ್ ಕ್ರೂಸ್ ನಟಿಸಿದ್ದ ಆ ಚಿತ್ರದಲ್ಲಿ ಒಂದು ಬಾಲಬುಷ್ಕಾ ಕ್ಯೂ ಕೈ ಬದಲಾಗುತ್ತದೆ. ಅಲ್ಲಿಂದಾಚೆ ಪೂಲ್ ಆಡದವರಿಗೂ ಈ ಹೆಸರು ಗೊತ್ತಾಯಿತು. ತಮಾಷೆ ಏನಂದ್ರೆ, ಪರದೆ ಮೇಲೆ ಕಂಡದ್ದು ಬಾಲಬುಷ್ಕಾ ಅಲ್ಲವೇ ಅಲ್ಲ. ಅಸಲಿ ಕ್ಯೂ ಮುರಿದರೆ ಏನು ಗತಿ ಅಂತ ಜಾಸ್ ಎಂಬ ಕಂಪನಿಯ, ನೋಡಲು ಅದರಂತೆಯೇ ಇದ್ದ ಕ್ಯೂ ಬಳಸಿದ್ದರು. ಪ್ರೇಕ್ಷಕರಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ.

ಬೆಲೆ ಎಲ್ಲಿಂದ ಬರುತ್ತೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ. ಅದು ಆಟದಿಂದಂತೂ ಬರುವುದಿಲ್ಲ. 1990ರ ದಶಕದಿಂದೀಚೆಗೆ ಬಂದ ಹಗುರ ತುದಿಯ ಶಾಫ್ಟ್‌ಗಳಲ್ಲಿ, ಚೆಂಡಿನ ಪಕ್ಕಕ್ಕೆ ಹೊಡೆದಾಗ ಅದು ದಾರಿ ತಪ್ಪುವುದು ಕಡಿಮೆ. ಈಗ ಕಾರ್ಬನ್ ಫೈಬರ್ ಶಾಫ್ಟ್ ಕೂಡ ಬಂದಿದೆ, ಅದು ಬಾಗುವ ಚಿಂತೆಯೇ ಇಲ್ಲ. ಬರೀ ಗುರಿಯ ಲೆಕ್ಕ ಹಾಕಿದರೆ, ಹಳೆಯ ದಂತಕತೆಗಿಂತ ಇವತ್ತಿನ ಕಾರ್ಖಾನೆಯ ಕೋಲೇ ಸುಲಭ.

'ಒಬ್ಬರ ಕೈಯ ಕೆಲಸ' ಅನ್ನೋದು ಎಷ್ಟು ನಿಜ?

ಕೈಕೆಲಸ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಒಬ್ಬ ಒಂಟಿ ಮಾಂತ್ರಿಕ ಬರ್ತಾನೆ. ವಾಸ್ತವ ಹಾಗಿಲ್ಲ. ಬಾಲಬುಷ್ಕಾ ತಮ್ಮ ಅನೇಕ ಕ್ಯೂಗಳಿಗೆ ಬಳಸಿದ ಮೂಲ ತುಂಡು ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್ ಎಂಬ ಕಾರ್ಖಾನೆ ಕ್ಯೂ. ಅಂದ್ರೆ ಪೂಲ್ ರೂಮಿನ ಗೋಡೆಗೆ ಒರಗಿರುತ್ತಿದ್ದ ಒಂದೇ ತುಂಡಿನ ಸಾದಾ ಕೋಲು. ಅದನ್ನೇ ಕೊಯ್ದು, ಜಾಯಿಂಟ್ ಹಾಕಿ, ಹೊಸ ರೂಪ ಕೊಡುತ್ತಿದ್ದರು. ಆಮೇಲಾಮೇಲೆ ಪಾಯಿಂಟ್ ಕೂರಿಸಿದ ತುಂಡುಗಳನ್ನು ಬರ್ಟನ್ ಸ್ಪೇನ್, ಗಸ್ ಝಾಂಬೋಟಿ ಮಾಡಿಕೊಟ್ಟರು. ಝಾಂಬೋಟಿ ಮುಂದೆ ತಮ್ಮದೇ ಹೆಸರಿನಲ್ಲಿ ದೊಡ್ಡ ಕ್ಯೂ ತಯಾರಕರಾದರು. ಆದರೆ ಬಾಲಬುಷ್ಕಾ ಹೆಸರಿನ ಕ್ಯೂ ಮಾರಾಟವಾದಾಗ ಬ್ರನ್ಸ್‌ವಿಕ್ ಕಾರ್ಖಾನೆಯಲ್ಲಿ ಆ ಮರ ಜೋಡಿಸಿದ ಕಾರ್ಮಿಕನ ಹೆಸರು ಯಾರ ಬಾಯಲ್ಲೂ ಬರೋದಿಲ್ಲ.

ಇದರಿಂದ ಬಾಲಬುಷ್ಕಾ ಅವರ ಕಸುಬು ಸಣ್ಣದಾಗುವುದಿಲ್ಲ. ತೂಕದ ಹಂಚಿಕೆ, ಜಾಯಿಂಟಿನ ಬಿಗಿ, ಕೈಗೆ ಕೂರುವ ಅಳತೆ ಅವರದೇ. ಆದರೆ ಬೆಲೆ ಎಲ್ಲರ ದುಡಿಮೆಯನ್ನೂ ಒಂದೇ ಹೆಸರಿನ ಖಾತೆಗೆ ಬರೆಯುತ್ತದೆ, ಆ ಹೆಸರಿನವರು ತೀರಿಕೊಂಡ ಮೇಲೆ ಏರತೊಡಗುತ್ತದೆ. ಇನ್ನು ಹೊಸದು ಹುಟ್ಟುವುದಿಲ್ಲವಲ್ಲ! ಏರಿದ ದುಡ್ಡು ಮಾಡಿದವರಿಗೂ ಇಲ್ಲ, ಅವರ ಮನೆಯವರಿಗೂ ಇಲ್ಲ, ಕೈಯಲ್ಲಿ ಹಿಡಿದು ಕಾದವರಿಗೆ.

ಜೊತೆಗೆ ನಕಲಿಯ ಕಾಟ. ಬಾಲಬುಷ್ಕಾ ಮಾಡಿದ ಎಷ್ಟೋ ಕ್ಯೂಗಳ ಮೇಲೆ ಅವರ ಸಹಿಯೇ ಇಲ್ಲ. ಹಾಗಾಗಿ ಜಾಯಿಂಟಿನ ರೀತಿ, ಉಂಗುರಗಳ ಅಲಂಕಾರ, ಯಾರು ಮಾಡಿದ ತುಂಡು ಅನ್ನುವುದನ್ನೆಲ್ಲ ನೋಡಿ ಅಸಲಿಯೋ ನಕಲಿಯೋ ಹೇಳುವ ಪರಿಣತರ ಒಂದು ಪಂಗಡವೇ ಇದೆ. ಮೊದಲ ಒಡೆಯನ ಪತ್ರ, ಹಳೆಯ ಫೋಟೋ, ರಸೀದಿ ಇದ್ದರೆ ಬೆಲೆ ಬೇರೆ. ಚೆನ್ನಾಗಿ ಕಾಣಲಿ ಅಂತ ಯಾರಾದರೂ ಹೊಸ ಪಾಲಿಶ್ ಹೊಡೆಸಿದ್ದರೆ ಬೆಲೆ ಇಳಿಯುತ್ತೆ, ಏಕೆಂದರೆ ಮೂಲ ಕೈಯ ಗುರುತು ಅಳಿಸಿಹೋಗಿರುತ್ತದೆ. ಕೊನೆಗೆ ಖರೀದಿಯಾಗುವುದು ಕೋಲಿನ ಜೊತೆಗೆ ಬರುವ ಪುರಾವೆ.

ಬಿಳಿ ಉಂಗುರದ ಲೆಕ್ಕ

ಆ ಪುರಾವೆಗೆ ಈಗ ಇನ್ನೊಂದು ಕೆಲಸ ಬಂದಿದೆ. ಹಳೆಯ ದುಬಾರಿ ಕ್ಯೂಗಳ ಫೆರೂಲ್, ಜಾಯಿಂಟ್, ಹಿಡಿಕೆಯಲ್ಲಿ ಕೂರಿಸಿದ ಬಿಳಿ ವಜ್ರಾಕೃತಿಗಳು ಬಹಳ ಸಲ ಆನೆ ದಂತದ್ದು. ಕೊರೆಯಲು ಸುಲಭ, ಸೀಳುವುದು ಕಡಿಮೆ, ನೋಡಲು ಚೆಂದ.

ಈ ಆಟಕ್ಕೂ ದಂತಕ್ಕೂ ನಂಟು ಹಳೆಯದು. ಹಿಂದೆ ಚೆಂಡುಗಳೇ ದಂತದ್ದಾಗಿದ್ದವು. ದಂತ ದುಬಾರಿಯಾಗುತ್ತಾ ಹೋದಾಗ, 1860ರ ದಶಕದಲ್ಲಿ ಅಮೆರಿಕದ ಬಿಲಿಯರ್ಡ್ಸ್ ಸಾಮಾನು ಕಂಪನಿಯೊಂದು ಬದಲಿ ವಸ್ತು ಹುಡುಕಿಕೊಟ್ಟವರಿಗೆ 10,000 ಡಾಲರ್ ಬಹುಮಾನ ಕೊಡುತ್ತೇವೆ ಎಂದಿತು. ಜಾನ್ ವೆಸ್ಲಿ ಹ್ಯಾಟ್ ಎಂಬಾತ ಆ ಹುಡುಕಾಟದಲ್ಲೇ ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್ ಕಡೆಗೆ ಬಂದದ್ದು. ಇವತ್ತು ದಂತದ ಚೆಂಡಿಲ್ಲದೆ ಆಟ ನಿಂತಿದೆಯೇ? ಇಲ್ಲ. ಆದರೆ ಚೆಂಡಿನಿಂದ ಹೋದ ದಂತ ಕೋಲಿನ ಅಲಂಕಾರದಲ್ಲಿ ಉಳಿದುಕೊಂಡಿತು.

ಆಫ್ರಿಕಾದ ಆನೆ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ಸೈಟಿಸ್ ಒಪ್ಪಂದದ ದೇಶಗಳು 1989ರಲ್ಲಿ ತೀರ್ಮಾನಿಸಿದವು. ಅಮೆರಿಕದೊಳಗಿನ ಮಾರಾಟಕ್ಕೆ ಬಿಗಿ ಬಂದದ್ದು 2016ರ ಜುಲೈನಲ್ಲಿ. ಆದರೂ ಒಂದು ಕಿಂಡಿ ಇದೆ: ವಸ್ತುವಿನಲ್ಲಿರುವ ದಂತ 200 ಗ್ರಾಂಗಿಂತ ಕಡಿಮೆ ಇರಬೇಕು, ಅದು ವಸ್ತುವಿಗೇ ಅಂಟಿಕೊಂಡ ಸಣ್ಣ ಭಾಗವಾಗಿರಬೇಕು, ಬೆಲೆಗೆ ಮುಖ್ಯ ಕಾರಣ ಆಗಿರಬಾರದು, ಹಳೆಯ ಕಾಲದಲ್ಲೇ ದೇಶಕ್ಕೆ ಬಂದದ್ದಾಗಿರಬೇಕು. ಇಡೀ ಕ್ಯೂ ಆರುನೂರು ಗ್ರಾಂ ಆಸುಪಾಸು ಇರುವುದರಿಂದ ಹೆಚ್ಚಿನವು ತೂಕದ ಮಿತಿಯೊಳಗೇ ಬರುತ್ತವೆ. ಆದರೆ ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ತಮ್ಮದೇ ಕಾನೂನು ತಂದು ಇನ್ನಷ್ಟು ಬಿಗಿ ಮಾಡಿವೆ. ಒಂದು ರಾಜ್ಯದಲ್ಲಿ ಮಾರಬಹುದಾದ ಕ್ಯೂ ಇನ್ನೊಂದರಲ್ಲಿ ಅಪರಾಧ ಆಗಬಹುದು.

ಸಂಗ್ರಹಕಾರರ ತಕರಾರು ಕೇಳಿದರೆ ನ್ಯಾಯ ಅನ್ನಿಸುತ್ತೆ. 'ಆನೆ ಸತ್ತು ಅರವತ್ತು ವರ್ಷ ಆಯ್ತು. ನನ್ನ ಕ್ಯೂ ಮಾರಬೇಡ ಅಂದ್ರೆ ಆ ಆನೆ ಎದ್ದು ಬರುತ್ತಾ?' ಬರೋದಿಲ್ಲ, ನಿಜ. ಆದರೆ ತೊಡಕು ಬೇರೆ ಕಡೆ ಇದೆ. ಹಳೆಯ ದಂತ, ಹೊಸ ದಂತ ಎರಡೂ ಕಣ್ಣಿಗೆ ಒಂದೇ ಥರ. ವಯಸ್ಸು ಹೇಳಬೇಕಾದರೆ ಪ್ರಯೋಗಾಲಯಕ್ಕೆ ಹೋಗಬೇಕು. ಹಳೆಯದಕ್ಕೆ ಬಾಗಿಲು ಪೂರ್ತಿ ತೆರೆದಿಟ್ಟರೆ ನಿನ್ನೆ ಕೊಂದ ಆನೆಯ ದಂತವೂ 'ಅಜ್ಜನ ಕಾಲದ್ದು' ಅಂತ ಅದೇ ಬಾಗಿಲಿನಿಂದ ಬರುತ್ತೆ. ಹಾಗಾಗಿ ಪುರಾವೆ ತೋರಿಸುವ ಭಾರ ಮಾರುವವರ ಮೇಲೇ ಇರಬೇಕು ಅನ್ನುವುದು ನನ್ನ ನಿಲುವು. ಅಸಲಿಯೋ ನಕಲಿಯೋ ಅಂತ ತೋರಿಸಲು ವರ್ಷಗಟ್ಟಲೆ ಕಾಗದ ಹುಡುಕುವವರು, ದಂತ ಎಲ್ಲಿಂದ ಬಂತು ಅಂತ ತೋರಿಸಲು ಮಾತ್ರ ಯಾಕೆ ಗೊಣಗಬೇಕು?

ಮೈಸೂರು ಮೊದಲೇ ಕಲಿತ ಪಾಠ

ನಮ್ಮಲ್ಲಿ ಪೂಲ್ ಕ್ಯೂ ಸಂಗ್ರಹದ ಸಂತೆ ಇಲ್ಲ. ಆದರೆ ಕಪ್ಪು ಮರದಲ್ಲಿ ಬಿಳಿ ದಂತ ಕೂರಿಸುವ ಕೆಲಸ ಮೈಸೂರಿಗೆ ಹೊಸದಲ್ಲ. ಅರಮನೆಯ ಅಂಬಾವಿಲಾಸಕ್ಕೆ ಹೋದವರು ದಂತದ ಕುಸುರಿಯ ಬೀಟೆ ಬಾಗಿಲು ನೋಡಿರ್ತೀರಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ನಮ್ಮ ಆನೆಗಳ ದಂತದ ವ್ಯಾಪಾರ ನಿಲ್ಲಿಸಿತು. 1991ರ ತಿದ್ದುಪಡಿ ಆಫ್ರಿಕಾದ ದಂತಕ್ಕೂ ಬಾಗಿಲು ಹಾಕಿತು. ಅಮೆರಿಕದಲ್ಲಿರುವ 200 ಗ್ರಾಂ ಕಿಂಡಿಯನ್ನು ನಂಬಿ ಅಲ್ಲಿಂದ ದಂತದ ಕ್ಯೂ ತಂದು ಇಲ್ಲಿ ಮಾರುತ್ತೇನೆ ಅಂತ ಯಾರಾದರೂ ಅಂದುಕೊಂಡಿದ್ದರೆ ಆ ಯೋಚನೆ ಬಿಡುವುದೇ ಕ್ಷೇಮ.

ಈ ಬಿಗಿ ಯಾಕೆ ಬೇಕಿತ್ತು ಅನ್ನುವುದು ಕರ್ನಾಟಕದವರಿಗೆ ವಿವರಿಸಬೇಕಿಲ್ಲ. 2017ರ ಗಣತಿಯಲ್ಲಿ ದೇಶದಲ್ಲೇ ಅತಿ ಹೆಚ್ಚು, 6,049 ಆನೆಗಳು ಸಿಕ್ಕಿದ್ದು ನಮ್ಮ ರಾಜ್ಯದಲ್ಲಿ. ವೀರಪ್ಪನ್ ಹೆಸರು ಕೇಳಿದರೆ ಗಂಧದ ಜೊತೆ ದಂತವೂ ನೆನಪಾಗುವ ನಾಡು ಇದು. ನಮ್ಮ ಆನೆಗಳಲ್ಲಿ ದಂತ ಬೆಳೆಯುವುದು ಗಂಡಿಗೆ ಮಾತ್ರ. ದಂತಕ್ಕಾಗಿ ನಡೆದ ಬೇಟೆ ದಕ್ಷಿಣದ ಕಾಡುಗಳಲ್ಲಿ ಗಂಡು-ಹೆಣ್ಣಿನ ಲೆಕ್ಕವನ್ನೇ ತಪ್ಪಿಸಿತು.

ದಂತ ಹೋದ ಮೇಲೆ ಮೈಸೂರಿನ ಇನ್‌ಲೇ ಕಲೆ ಸತ್ತಿತೇ? ಇಲ್ಲ. ಕುಶಲಕರ್ಮಿಗಳು ಬೇರೆ ಬೇರೆ ಬಣ್ಣದ ಮರಗಳನ್ನು, ಪ್ಲಾಸ್ಟಿಕ್ಕನ್ನು ಬಳಸತೊಡಗಿದರು. ಆ ಕಲೆಗೆ ಮುಂದೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆಯೂ ಸಿಕ್ಕಿತು. ಅವರ ಕಷ್ಟ ಮುಗಿದಿಲ್ಲ. ಬೀಟೆಯೂ ಅಪರೂಪವಾಗುತ್ತಿದೆ. ಬೀಟೆ ಸೇರಿದ ಇಡೀ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ ಸೈಟಿಸ್ ನಿಗಾದಲ್ಲಿದೆ. ಅಮೆರಿಕದ ಕ್ಯೂ ತಯಾರಕರಿಗೂ ಇದೇ ನಿಯಮ ಅನ್ವಯಿಸುತ್ತದೆ.

ಅಲ್ಲಿಯೂ ಇಂದಿನ ಒಳ್ಳೆಯ ತಯಾರಕರು ದಂತದ ಜಾಗದಲ್ಲಿ ರೆಸಿನ್‌ನಂಥ ಕೃತಕ ವಸ್ತು ಬಳಸುತ್ತಿದ್ದಾರೆ. ಮೊನೆಗಳು ಅಷ್ಟೇ ಚೂಪಾಗಿ ಬರುತ್ತಿವೆ. ಕೈಯ ಹದಕ್ಕೆ ದಂತ ಬೇಕಾಗಿರಲಿಲ್ಲ. ದಂತ ಬೇಕಾಗಿದ್ದದ್ದು ಬೆಲೆಗೆ.

ಸಂಗ್ರಹಿಸುವುದೇ ತಪ್ಪು ಅಂತ ನಾನು ಹೇಳ್ತಿಲ್ಲ. ಯಾರೂ ಕಾಪಾಡದೇ ಹೋಗಿದ್ದರೆ ಆ ವಲಸಿಗ ಬಡಗಿಯ ಕೋಲುಗಳು ಯಾವತ್ತೋ ಒಲೆ ಸೇರಿರುತ್ತಿದ್ದವು. ಆದರೆ ಹತ್ತಿಪ್ಪತ್ತು ಲಕ್ಷ ಕೊಟ್ಟು ತೀರಿಹೋದವರ ಹೆಸರು ಕೊಳ್ಳುವವರು, ಅದರಲ್ಲೊಂದು ಪಾಲನ್ನು ಈಗ ಲೇತ್ ಮುಂದೆ ನಿಂತು ಮರ ಒಣಗುವುದನ್ನು ಕಾಯುತ್ತಿರುವವರಿಗೆ ಕೊಟ್ಟರೆ ಕಸುಬು ಉಳಿಯುತ್ತದೆ. ಮುಂದೆ ಎಲ್ಲಾದರೂ ಬಿಳಿ ಕುಸುರಿಯ ಹಳೆಯ ವಸ್ತು ಕಂಡರೆ, ಅದು ಕ್ಯೂ ಆಗಿರಲಿ, ಕುರ್ಚಿಯಾಗಿರಲಿ, ಬೆಲೆ ಎಷ್ಟು ಅಂತ ಕೇಳುವ ಮೊದಲು ಆ ಬಿಳುಪು ಎಲ್ಲಿಂದ ಬಂತು ಅಂತ ಕೇಳಿ. ಮಾರುವವರು ತಡವರಿಸಿದರೆ ಕೆಳಗಿಟ್ಟು ಬನ್ನಿ.